ಸರಾಸರಿಯಲ್ಲಿ ಬದುಕೋರು ಯಾರು?

ಕಳೆದ ವರ್ಷ ಆಫೀಸಿನಲ್ಲಿ ನನ್ನ ಪಾಲಿಗೆ ಬಂದ ಕೆಲಸ ಕೇಳೋಕೆ ತೀರಾ ಸಪ್ಪೆ. ನಮ್ಮ ಆ್ಯಪಿನ ಹಳೇ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ಪ್ರತಿ ರಾತ್ರಿ ಒಂದಷ್ಟು ಫೋನುಗಳ ಮೇಲೆ ಓಡಿಸಿ, ತೆರೆದುಕೊಳ್ಳೋಕೆ ಎಷ್ಟು ಸೆಕೆಂಡ್ ಹಿಡೀತು ಅಂತ ಬರೆದಿಡುವ ವ್ಯವಸ್ಥೆ ಮೊದಲೇ ಇತ್ತು. ಒಂದೊಂದು ಫೋನಿನ ಮೇಲೂ ಮೂವತ್ತು ಸಲ ಓಡಿಸಿ ಸರಾಸರಿ ತೆಗೆದಿಡುತ್ತಿತ್ತು. ಆ ಸರಾಸರಿಗಳನ್ನು ಹೋಲಿಸಿ ಒಂದು ಪುಟದ ವರದಿ ಕೊಡುವ ಟೂಲ್ ನಾನು ಕಟ್ಟಬೇಕಿತ್ತು. "ಮೇಲ್ಗಡೆ ದಪ್ಪಕ್ಷರದಲ್ಲಿ ಒಂದೇ ನಂಬರ್ ಇರಲಿ. ಹೊಸದು ಎಷ್ಟು ಪರ್ಸೆಂಟ್ ಫಾಸ್ಟ್ ಅಂತ ಗೊತ್ತಾದ್ರೆ ಸಾಕು" ಅಂದಿದ್ದರು ನಮ್ಮ ಲೀಡ್. ಎರಡು ದಿನದ ಕೆಲಸ ಅಂತ ಅಂದಾಜು ಹಾಕಿದ್ದರು. ಹಿಡಿದದ್ದು ಮೂರು ವಾರ. ಕೋಡ್ ಬರೆಯೋಕಲ್ಲ, ಆ ಒಂದು ನಂಬರ್ ಯಾವುದು ಅನ್ನೋ ಜಗಳಕ್ಕೆ.

ಜಗಳ ಅರ್ಥ ಆಗಬೇಕಂದ್ರೆ ಒಂದು ಸಣ್ಣ ಲೆಕ್ಕ ನೋಡಿ. ಫೋನುಗಳು ಮೂರೇ ಅಂದುಕೊಳ್ಳಿ: ಹೋದ ತಿಂಗಳು ಕೊಂಡ ದುಬಾರಿ ಫೋನು, ಮಧ್ಯಮ ಬೆಲೆಯದ್ದು, ನಾಲ್ಕೈದು ವರ್ಷ ಹಳೆಯ ಅಗ್ಗದ ಫೋನು. ಹಳೇ ಆವೃತ್ತಿ ತೆರೆಯೋಕೆ ಕ್ರಮವಾಗಿ 1.2, 2 ಮತ್ತು 5 ಸೆಕೆಂಡ್. ಹೊಸದಕ್ಕೆ 0.6, 1.2 ಮತ್ತು 6 ಸೆಕೆಂಡ್. ಲೆಕ್ಕಕ್ಕೆ ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನಮ್ಮಲ್ಲಿದ್ದ ಚಿತ್ರ ಹೆಚ್ಚುಕಮ್ಮಿ ಹೀಗೇ ಇತ್ತು.

ಈಗ ಹೇಳಿ, ಹೊಸದು ಎಷ್ಟು ಫಾಸ್ಟ್? ಮೂರು ಸಮಯಗಳನ್ನೂ ಕೂಡಿ ಮೂರರಿಂದ ಭಾಗಿಸಿದ್ರೆ ಹಳೇದು 2.73, ಹೊಸದು 2.6. ಅಂದ್ರೆ ಶೇ 5ರಷ್ಟು ಸಮಯ ಉಳೀತು. ಹಾಗೆ ಬೇಡ, ಒಂದೊಂದು ಫೋನಿನಲ್ಲೂ ಹೊಸ ಸಮಯ ಹಳೇದರ ಎಷ್ಟು ಪಾಲು ಅಂತ ನೋಡಿ, ಆಮೇಲೆ ಸರಾಸರಿ ಮಾಡೋಣ ಅಂದ್ರೆ 0.5, 0.6, 1.2 ಸಿಗುತ್ತೆ. ಸರಾಸರಿ 0.77, ಉಳಿತಾಯ ಶೇ 23. ಅದೇ ಮೂರು ಅನುಪಾತಗಳಿಗೆ ಪಿಯುಸಿಯಲ್ಲಿ ಓದಿ ಮರೆತ ಗುಣೋತ್ತರ ಮಾಧ್ಯ ತೆಗೆದ್ರೆ ಉಳಿತಾಯ ಶೇ 29. ಕೊನೇದಾಗಿ, ಬಳಕೆದಾರರಲ್ಲಿ ಅರ್ಧ ಜನರ ಕೈಲಿ ಅಗ್ಗದ ಫೋನೇ ಇದೆ, ಉಳಿದರ್ಧ ಇನ್ನೆರಡಕ್ಕೆ ಸಮನಾಗಿ ಹಂಚಿಹೋಗಿದ್ದಾರೆ ಅಂತ ಇಟ್ಟುಕೊಂಡು ತೂಕ ಕೊಟ್ಟರೆ ಹಳೇದು 3.3, ಹೊಸದು 3.45. ಅಂದ್ರೆ ಹೊಸದೇ ನಿಧಾನ!

ಒಂದೇ ಆರು ಅಂಕಿ, ನಾಲ್ಕು ಉತ್ತರ. ಯಾವುದರಲ್ಲೂ ಲೆಕ್ಕ ತಪ್ಪಿಲ್ಲ. ಯಾರೂ ಸುಳ್ಳು ಹೇಳಿಲ್ಲ. ಮೀಟಿಂಗಿನಲ್ಲಿ ಯಾವ ಉತ್ತರಕ್ಕೆ ಚಪ್ಪಾಳೆ ಬೀಳುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇದು ನಮ್ಮ ಆಫೀಸಿನ ಹೊಸ ಜಗಳ ಏನಲ್ಲ, ನಮ್ಮ ಕಸುಬಿನ ಹಳೇ ವ್ಯಾಜ್ಯ. 1986ರಲ್ಲಿ ಫ್ಲೆಮಿಂಗ್ ಮತ್ತು ವ್ಯಾಲೇಸ್ ಅನ್ನೋ ಇಬ್ಬರು, ಬೆಂಚ್‌ಮಾರ್ಕ್ ಫಲಿತಾಂಶಗಳ ಸಾರಾಂಶ ಹೇಳುವಾಗ ಸುಳ್ಳಾಗದ ಹಾಗೆ ಹೇಳೋದು ಹೇಗೆ ಅಂತ ಒಂದು ಲೇಖನ ಬರೆದರು. ಅನುಪಾತಗಳಿಗೆ ಮಾಮೂಲಿ ಸರಾಸರಿ ತೆಗೆಯಬೇಡಿ ಅನ್ನೋದು ಅವರ ಮಾತು. ಯಾಕೆ ಅಂತೀರಾ? ಎರಡು ಕಂಪ್ಯೂಟರ್ ಇವೆ, ಎರಡು ಪ್ರೋಗ್ರಾಂ ಇವೆ. ಮೊದಲನೇ ಪ್ರೋಗ್ರಾಂ ಒಂದರಲ್ಲಿ 1 ಸೆಕೆಂಡ್, ಇನ್ನೊಂದರಲ್ಲಿ 2. ಎರಡನೇ ಪ್ರೋಗ್ರಾಂ ಉಲ್ಟಾ. ಮೊದಲ ಕಂಪ್ಯೂಟರನ್ನು ಅಳತೆಗೋಲು ಮಾಡಿಕೊಂಡ್ರೆ ಎರಡನೆಯದರ ಅನುಪಾತ 2 ಮತ್ತು 0.5, ಸರಾಸರಿ 1.25. ಎರಡನೆಯದು ಶೇ 25 ನಿಧಾನ! ಎರಡನೆಯದನ್ನು ಅಳತೆಗೋಲು ಮಾಡಿಕೊಂಡ್ರೆ ಮೊದಲನೆಯದೇ ಶೇ 25 ನಿಧಾನ. ಎರಡೂ ಒಂದಕ್ಕಿಂತ ಒಂದು ನಿಧಾನ! ಗುಣೋತ್ತರ ಮಾಧ್ಯ ತೆಗೆದ್ರೆ ಎರಡೂ ಕಡೆಯಿಂದ 1 ಬರುತ್ತೆ, ಗಲಾಟೆ ಮುಗೀತು.

ಮುಗೀಲಿಲ್ಲ. ಎರಡು ವರ್ಷ ಬಿಟ್ಟು 1988ರಲ್ಲಿ ಜೇಮ್ಸ್ ಸ್ಮಿತ್ ಇನ್ನೊಂದು ಲೇಖನ ಬರೆದು, ಗುಣೋತ್ತರ ಮಾಧ್ಯ ಸೊಗಸಾಗಿರಬಹುದು, ಆದರೆ ಒಟ್ಟು ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ಅದು ಹೇಳಲ್ಲ, ಮನುಷ್ಯ ಕಾಯೋದು ಸೆಕೆಂಡುಗಳನ್ನ, ಅನುಪಾತಗಳನ್ನಲ್ಲ ಅನ್ನೋ ಅರ್ಥದ ವಾದ ಹೂಡಿದರು. ಅದೇ 1988ರಲ್ಲಿ ಕಂಪ್ಯೂಟರ್ ಕಂಪನಿಗಳು ಸೇರಿ ಸ್ಪೆಕ್ ಅನ್ನೋ ಸಂಸ್ಥೆ ಕಟ್ಟಿಕೊಂಡವು. ಅವರು ಗುಣೋತ್ತರ ಮಾಧ್ಯವನ್ನೇ ಆರಿಸಿಕೊಂಡರು. ಅವರ ಮೊದಲ ಪಟ್ಟಿಯಲ್ಲಿ ಹತ್ತು ಪ್ರೋಗ್ರಾಂ ಇದ್ದವು. ಅದರಲ್ಲಿ ಮ್ಯಾಟ್ರಿಕ್ಸ್300 ಅನ್ನೋದರ ಬಹುಪಾಲು ಸಮಯ ಒಂದೇ ಸಾಲು ಕೋಡಿನಲ್ಲಿ ಕಳೆಯುತ್ತೆ ಅಂತ ಕಂಪೈಲರ್ ಬರೆಯೋರು ಕಂಡುಹಿಡಿದರು, ಆ ಒಂದಕ್ಕೇ ಚುರುಕು ಮುಟ್ಟಿಸಿದರು. ಹತ್ತರಲ್ಲಿ ಒಂದು ಎಂಟು ಪಟ್ಟು ವೇಗ ಆದ್ರೆ ಸಾಕು, ಉಳಿದ ಒಂಬತ್ತು ಕದಲದಿದ್ದರೂ ಒಟ್ಟು ಅಂಕ ಶೇ 23 ಏರುತ್ತೆ. 1992ರ ಪಟ್ಟಿಯಲ್ಲಿ ಆ ಪ್ರೋಗ್ರಾಮನ್ನೇ ಕೈಬಿಟ್ಟರು.

ಇಲ್ಲೀವರೆಗೆ ಬರೀ ಗಣಿತ ಅನ್ನಿಸಬಹುದು. ಪ್ರಶ್ನೆಗೆ ತಕ್ಕ ಸರಾಸರಿ ಆರಿಸಿದ್ರೆ ಆಯ್ತಲ್ಲ? ನಿಜ, ಅರ್ಧ ಸಮಸ್ಯೆಗೆ ಅಷ್ಟೇ ಉತ್ತರ. ಬೆಂಗಳೂರಿಂದ ರಾಮನಗರ 50 ಕಿಲೋಮೀಟರ್. ಶನಿವಾರ ಬೆಳಗ್ಗೆ ಎಕ್ಸ್‌ಪ್ರೆಸ್‌ವೇ ಖಾಲಿ ಇದೆ, ಗಂಟೆಗೆ 100ರಲ್ಲಿ ಹೋಗ್ತೀರಿ. ಭಾನುವಾರ ಸಂಜೆ ಮೈಸೂರಿಗೆ ಹೋದೋರೆಲ್ಲ ಒಟ್ಟಿಗೇ ವಾಪಸ್ ಬರೋವಾಗ ಗಂಟೆಗೆ 25ರಲ್ಲಿ ತೆವಳ್ತೀರಿ. ಸರಾಸರಿ ವೇಗ 62.5 ಅಲ್ಲ. 100 ಕಿಲೋಮೀಟರಿಗೆ ಎರಡೂವರೆ ಗಂಟೆ, ಅಂದ್ರೆ 40. ಇಲ್ಲಿ ಹರಾತ್ಮಕ ಮಾಧ್ಯ ಸರಿ, ಇನ್ನೊಂದು ತಪ್ಪು. ಇದರಲ್ಲಿ ನೈತಿಕ ಪ್ರಶ್ನೆ ಏನೂ ಇಲ್ಲ. ಯಾಕಂದ್ರೆ ಬೆಳಗ್ಗೆ ಹೋದೋನೂ ನೀವೇ, ಸಂಜೆ ಸಿಕ್ಕಿಹಾಕಿಕೊಂಡೋನೂ ನೀವೇ. ಲಾಭ ನಷ್ಟ ಎರಡೂ ಒಂದೇ ಜೇಬಿಗೆ.

ಜೇಬು ಬೇರೆಬೇರೆ ಆದಾಗ ಏನಾಗುತ್ತೆ? ಅದನ್ನು ನಾನು ಕಲಿತದ್ದು ಇಂಜಿನಿಯರಿಂಗ್ ಕಾಲೇಜಿನಲ್ಲಲ್ಲ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ.

ಆಫೀಸಿನ ಹೊರರಾಜ್ಯದ ಗೆಳೆಯರಿಗೆ ರಾಮನಗರ ಅಂದ್ರೆ ಶೋಲೆ ಸಿನಿಮಾದ ಬಂಡೆ. ಮಾಗಡಿ ತಾಲ್ಲೂಕಿನ ನಮ್ಮೂರಿನೋರಿಗೆ ರಾಮನಗರ ಅಂದ್ರೆ ಗೂಡು ಮಾರೋ ಜಾಗ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ಮಾರುಕಟ್ಟೆ. ಕನಕಪುರದಲ್ಲೂ ಗೂಡಿನ ಮಾರುಕಟ್ಟೆ ಇದೆ, ಆದರೂ ಅಪ್ಪ ರಾಮನಗರವೇ ಅನ್ನೋರು. ಬೆಳಗ್ಗೆ ಗೂಡು ಸುರಿದು ಲಾಟ್ ನಂಬರ್ ಹಾಕಿಸಿಕೊಂಡು ನಿಂತರೆ ರೀಲರುಗಳು ಬಂದು ಒಂದು ಹಿಡಿ ಎತ್ತಿ, ಒತ್ತಿ, ಕಿವಿ ಹತ್ರ ಅಲ್ಲಾಡಿಸಿ ನೋಡ್ತಾರೆ. ಮೊದಲು ಕೂಗಿ ಹರಾಜು ಮಾಡ್ತಿದ್ರು, ಈಗ ರೀಲರುಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ದಿನ ಮುಗಿದ ಮೇಲೆ ದರಪಟ್ಟಿ ಬರುತ್ತೆ. ಮಿಶ್ರತಳಿ ಇಷ್ಟು, ದ್ವಿತಳಿ ಇಷ್ಟು. ಎಷ್ಟು ಲಾಟ್, ಎಷ್ಟು ತೂಕ, ಕನಿಷ್ಠ ದರ, ಗರಿಷ್ಠ ದರ, ಸರಾಸರಿ ದರ.

ಕಾಲೇಜಿನಲ್ಲಿದ್ದಾಗ ಒಂದು ದಿನ ಆ ಪಟ್ಟಿ ನೋಡಿ "ಇವತ್ತು ಸರಾಸರಿ ಚೆನ್ನಾಗಿದೆಯಲ್ಲಪ್ಪಾ" ಅಂದೆ. ನಮ್ಮ ಲಾಟಿಗೆ ಅದಕ್ಕಿಂತ ಬಹಳ ಕಮ್ಮಿ ಬಂದಿತ್ತು. ನಾಲ್ಕನೇ ಜ್ವರ ಎದ್ದಮೇಲೆ ಹುಳಕ್ಕೆ ಹಾಲುತೊಂಡೆ ಬಂದು ಗೂಡು ತೆಳುವಾಗಿತ್ತು. ಅಪ್ಪ ಸಿಟ್ಟೇನೂ ಆಗಲಿಲ್ಲ. "ಆ ಸರಾಸರಿ ರೇಟಿಗೆ ಇವತ್ತು ಯಾವನ್ ಗೂಡು ಹೋಯ್ತು, ಒಬ್ಬನ್ನ ತೋರ್ಸ್ಲಾ ನೋಡನ" ಅಂದರು.

ಆಗ ಅದು ಬೇಜಾರಿನ ಮಾತು ಅನ್ನಿಸಿತ್ತು. ಈಗ ನೋಡಿದ್ರೆ ಅದು ಸರಿಯಾದ ಪ್ರಶ್ನೆ. 20 ಕೆಜಿ ಲಾಟು 300 ರೂಪಾಯಿಗೆ ಹೋಯ್ತು, 80 ಕೆಜಿ ಲಾಟು 500ಕ್ಕೆ ಹೋಯ್ತು ಅಂತಿಟ್ಟುಕೊಳ್ಳಿ. ಲಾಟಿನ ಲೆಕ್ಕದಲ್ಲಿ ಸರಾಸರಿ 400, ತೂಕದ ಲೆಕ್ಕದಲ್ಲಿ 460. ಎರಡೂ ಬೆಲೆ ಯಾವ ರೈತನ ಜೇಬಿಗೂ ಬಂದಿಲ್ಲ. ಆದರೆ ಎರಡೂ ಲಾಟನ್ನು ಕೊಂಡ ರೀಲರ್ ಒಬ್ಬ ಇದ್ದರೆ, ಅವನಿಗೆ 460 ಅನ್ನೋದು ಬರೀ ಅಂಕಿ ಅಲ್ಲ. ಅವನು ನಿಜವಾಗಿ ಕೆಜಿಗೆ ಕೊಟ್ಟದ್ದೇ ಅಷ್ಟು. ವರ್ಷವಿಡೀ ನೂರಾರು ಲಾಟ್ ಕೊಳ್ಳೋನಿಗೆ ಒಂದು ಲಾಟ್ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತೆ. ರೈತನಿಗೆ ವರ್ಷಕ್ಕೆ ಐದಾರು ಬೆಳೆ. ಒಂದು ಬೆಳೆಗೆ ಒಂದು ದಿನ, ಒಂದು ಲಾಟ್. ಬೆಲೆ ಒಪ್ಪದಿದ್ದರೆ ಕಾಯಬಹುದು, ಆದರೆ ಎಷ್ಟು ದಿನ? ಗೂಡಿನೊಳಗಿನ ಚಿಟ್ಟೆ ಕಾಯಲ್ಲ.

ನನ್ನ ಮಾತು ಇಷ್ಟೇ: ಸರಾಸರಿ ಅನ್ನೋದು ಇಡೀ ರಾಶಿ ಯಾರದ್ದೋ ಅವರ ಅನುಭವ. ರಾಶಿಯಲ್ಲಿ ಒಂದು ಕಾಳು ಮಾತ್ರ ತನ್ನದಾದವನಿಗೆ ಅದು ಬೇರೆಯವರ ಸುದ್ದಿ. ಸರ್ವರಿನಲ್ಲಿ ರಾತ್ರಿಯಿಡೀ ಹತ್ತು ಲಕ್ಷ ಲೆಕ್ಕ ಓಡಿಸೋ ಕಂಪನಿಗೆ ಸರಾಸರಿ ಸಮಯವೇ ಸತ್ಯ, ಯಾಕಂದ್ರೆ ಕರೆಂಟ್ ಬಿಲ್ ಕಟ್ಟೋದು ಒಬ್ಬರೇ. ಆದರೆ ನಮ್ಮ ಆ್ಯಪ್ ತೆರೆಯೋ ಮನುಷ್ಯನ ಹತ್ತಿರ ಇರೋದು ಒಂದೇ ಫೋನು. ದುಬಾರಿ ಫೋನಿನವರು ಉಳಿಸಿದ ಅರ್ಧ ಸೆಕೆಂಡನ್ನು ಅಗ್ಗದ ಫೋನಿನವರಿಗೆ ಮನಿಯಾರ್ಡರ್ ಮಾಡೋಕಾಗಲ್ಲ. ವರದಿಯಲ್ಲಿ ಮಾತ್ರ ಅದು ಸುಸೂತ್ರವಾಗಿ ವರ್ಗಾವಣೆ ಆಗಿಬಿಡುತ್ತೆ.

ಒಮ್ಮೆ ಕಣ್ಣಿಗೆ ಬಿದ್ದಮೇಲೆ ಇದು ಎಲ್ಲ ಕಡೆ ಕಾಣುತ್ತೆ. ನಮ್ಮ ಜಿಲ್ಲೆಯ ತಲಾ ಆದಾಯ ಅಂದಾಗ ಬಿಡದಿಯ ಕಾರು ಕಾರ್ಖಾನೆಯ ಗಳಿಕೆಯನ್ನೂ, ಆನೆಗೆ ಹೆದರಿ ರಾಗಿ ಹೊಲ ಕಾಯೋ ಕನಕಪುರದ ಕಾಡಂಚಿನ ಊರಿನ ಗಳಿಕೆಯನ್ನೂ ಕೂಡಿಯೇ ಭಾಗಿಸೋದು. ಚನ್ನಪಟ್ಟಣದ ಗೊಂಬೆ ಮಾಡೋರು ಈ ವಿಷಯದಲ್ಲಿ ನಮಗಿಂತ ಜಾಣರು. ಕಡ್ಡಿಗೆ ಪೋಣಿಸೋ ಬಣ್ಣದ ಬಳೆಗಳಲ್ಲಿ ಅರ್ಧ ಬಿಗಿ, ಅರ್ಧ ಸಡಿಲ ಆದರೆ "ಸರಾಸರಿ ಸರಿಯಾಗೇ ಇದೆ" ಅಂತ ಯಾವ ಮಗುವಿನ ಹತ್ರವೂ ಹೇಳೋಕಾಗಲ್ಲ.

ತತ್ತ್ವಶಾಸ್ತ್ರದಲ್ಲಿ ಇದೇ ಜಗಳ ದೊಡ್ಡ ಮಟ್ಟದಲ್ಲಿ ನಡೆದಿದೆ. 1950ರ ದಶಕದಲ್ಲಿ ಜಾನ್ ಹರ್ಸಾನಿ ಅನ್ನೋ ಅರ್ಥಶಾಸ್ತ್ರಜ್ಞ (1994ರಲ್ಲಿ ನೊಬೆಲ್ ಬಂತು) ಒಂದು ವಾದ ಮುಂದಿಟ್ಟರು. ಒಂದು ಸಮಾಜದಲ್ಲಿ ನೀವು ಯಾರಾಗಿರ್ತೀರಿ ಅಂತ ಗೊತ್ತಿಲ್ಲ, ಯಾರು ಬೇಕಾದರೂ ಆಗೋ ಸಾಧ್ಯತೆ ಸಮಾನ ಅಂದ್ಕೊಳ್ಳಿ. ಆಗ ಯಾವ ಸಮಾಜ ಆರಿಸಿಕೊಳ್ತೀರಿ? ಸರಾಸರಿ ಸುಖ ಎಲ್ಲಿ ಹೆಚ್ಚೋ ಅದನ್ನೇ, ಅಂದರು ಹರ್ಸಾನಿ. ಬುದ್ಧಿವಂತ ಜೂಜುಗಾರ ಹಾಗೇ ಮಾಡ್ತಾನೆ. 1971ರಲ್ಲಿ ಜಾನ್ ರಾಲ್ಸ್ ತಮ್ಮ 'ಎ ಥಿಯರಿ ಆಫ್ ಜಸ್ಟಿಸ್' ಪುಸ್ತಕದಲ್ಲಿ ಇದನ್ನು ಒಪ್ಪಲಿಲ್ಲ. ಒಬ್ಬ ಮನುಷ್ಯ ಇವತ್ತು ಕಷ್ಟಪಟ್ಟು ನಾಳೆ ಸುಖಪಡೋದನ್ನು ಲೆಕ್ಕ ಹಾಕೋ ರೀತಿಯಲ್ಲೇ, ಒಬ್ಬನ ಕಷ್ಟಕ್ಕೆ ಇನ್ನೊಬ್ಬನ ಸುಖವನ್ನು ವಜಾ ಹಾಕೋದು ಮನುಷ್ಯರು ಬೇರೆಬೇರೆ ಅನ್ನೋದನ್ನೇ ಮರೆತ ಲೆಕ್ಕ ಅಂತ ಅವರ ಆಕ್ಷೇಪ. ವ್ಯವಸ್ಥೆಯನ್ನು ಅಳೆಯುವಾಗ ತೀರಾ ಕೆಳಗಿರೋರ ಸ್ಥಿತಿ ನೋಡಿ ಅಂದರು.

ಗೂಡಿನ ಮಾರುಕಟ್ಟೆ ಕಂಡ ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನ್ನಿಸುತ್ತೆ. ದಾಳ ಸಾವಿರ ಸಲ ಉರುಳಿಸೋನಿಗೆ ಹರ್ಸಾನಿ ಸರಿ. ಒಂದೇ ಸಲ ಉರುಳಿಸೋನಿಗೆ ಆ ಸಮಾಧಾನ ಇಲ್ಲ. ರೀಲರಿನ ಗಣಿತವನ್ನು ರೈತನಿಗೆ ಒಪ್ಪಿಸೋದೇ ತೊಂದರೆ.

ಹಾಗಂತ ಸರಾಸರಿಯನ್ನೇ ಎಸೆದುಬಿಡೋಣ ಅನ್ನೋ ರೋಷಕ್ಕೂ ನನ್ನ ಸಹಿ ಇಲ್ಲ. ಮಾರುಕಟ್ಟೆಯ ಆ ದರಪಟ್ಟಿ ಇಲ್ಲದಿದ್ದರೆ ದಲ್ಲಾಳಿ ಹೇಳಿದ್ದೇ ಬೆಲೆ. ನಿನ್ನೆಯ ಸರಾಸರಿ ಗೊತ್ತಿರೋ ರೈತ ಇವತ್ತು ಬೆಲೆ ಬೇಡ ಅನ್ನೋ ಧೈರ್ಯ ಮಾಡ್ತಾನೆ. ಇನ್ನೊಂದು ಕಡೆ, ತೀರಾ ಕೆಟ್ಟ ಫೋನಿನ ಅಂಕಿ ಮಾತ್ರ ನೋಡ್ತೀವಿ ಅಂತ ಹಟ ಹಿಡಿದರೆ ಹತ್ತು ವರ್ಷದ ಹಿಂದಿನ ಒಂದು ಫೋನು ಎಲ್ಲರ ಕೆಲಸವನ್ನೂ ನಿಲ್ಲಿಸಿಬಿಡಬಹುದು. ಅಪರೂಪದ್ದನ್ನು ಬಿಟ್ಟುಬಿಡಿ ಅನ್ನೋ ವಾದದಲ್ಲೂ ಹುರುಳಿದೆ.

ಆದರೆ ಅಪರೂಪ ಅನ್ನೋದು ಎಷ್ಟು ಅಪರೂಪ ಅಂತಲೂ ನೋಡಬೇಕು. 2013ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ ಒಂದು ಲೆಕ್ಕ ತೋರಿಸಿದರು. ಒಂದು ಸರ್ವರ್ ನೂರಕ್ಕೆ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ತಡ ಮಾಡುತ್ತೆ. ನಿಮ್ಮ ಒಂದು ಪುಟ ತೆರೆಯೋಕೆ ಅಂಥ ನೂರು ಸರ್ವರುಗಳ ಉತ್ತರ ಬೇಕು. ಆಗ ನೂರರಲ್ಲಿ 63 ಸಲ ನೀವು ಒಂದು ಸೆಕೆಂಡಿಗಿಂತ ಹೆಚ್ಚು ಕಾಯ್ತೀರಿ. ಸರಾಸರಿಯಲ್ಲಿ ಕಾಣದ ಒಂದು ಪರ್ಸೆಂಟ್, ಬಳಸೋನ ಕೈಗೆ ಬರೋ ಹೊತ್ತಿಗೆ ಮಾಮೂಲಿ ಆಗಿರುತ್ತೆ.

ಟೂಲ್ ಕಟ್ಟುವಾಗ ಇನ್ನೊಂದು ಬೇಡಿಕೆಯೂ ಬಂತು. "ಆ ಎರಡು ಮೂರು ರನ್ ವಿಪರೀತ ಆಗಿವೆ, ತೆಗೆದುಬಿಡಿ, ಗ್ರಾಫ್ ಚೆನ್ನಾಗಿ ಕಾಣಲ್ಲ." ತೆಗೆಯಬಹುದು, ಕಾರಣ ಗೊತ್ತಿದ್ದರೆ. ಟೆಸ್ಟ್ ಮಾಡೋ ಕೋಣೆಯಲ್ಲಿ ವೈಫೈ ಹೋಗಿತ್ತು ಅಂದ್ರೆ ಅದು ನಮ್ಮ ಪ್ರೋಗ್ರಾಮಿನ ತಪ್ಪಲ್ಲ. ಆದರೆ ಫೋನಿನ ಮೆಮೊರಿ ತುಂಬಿ, ನಮ್ಮದೇ ಪ್ರೋಗ್ರಾಂ ಕಸ ಗುಡಿಸ್ತಾ ನಿಂತು ತಡ ಆಗಿದ್ರೆ ಅದು ಕೆಡುಕಿನ ರನ್ ಅಲ್ಲ, ನಿಜವಾದ ರನ್. ರೋಗ ಬಂದ ಗೂಡಿನ ಲಾಟನ್ನು ಪಟ್ಟಿಯಿಂದ ತೆಗೆದರೆ ಸರಾಸರಿ ಏರುತ್ತೆ. ಹುಳ ಸತ್ತದ್ದು ಸತ್ತದ್ದೇ.

ಕೊನೆಗೆ ನಾನು ಕಟ್ಟಿದ ಟೂಲ್ ಗೂಡಿನ ದರಪಟ್ಟಿಯ ನಕಲು ಅಂತ ಟೀಮಿನಲ್ಲಿ ಯಾರಿಗೂ ಗೊತ್ತಿಲ್ಲ. ಮೇಲೆ ಒಂದು ನಂಬರ್ ಇದೆ, ಲೀಡ್ ಕೇಳಿದ ಹಾಗೇ. ಆದರೆ ಅದರ ಪಕ್ಕದಲ್ಲಿ ಎಷ್ಟು ಫೋನು, ಎಷ್ಟು ರನ್, ಅತಿ ಒಳ್ಳೆಯದು ಎಷ್ಟು, ಅತಿ ಕೆಟ್ಟದ್ದು ಎಷ್ಟು ಅನ್ನೋದು ಅಚ್ಚಾಗದೆ ಆ ನಂಬರ್ ಅಚ್ಚಾಗೋದೇ ಇಲ್ಲ. ಕಾಪಿ ಮಾಡಿ ಸ್ಲೈಡಿಗೆ ಅಂಟಿಸಿದರೂ ಐದೂ ಒಟ್ಟಿಗೇ ಬರುತ್ತವೆ. ಮೊದಲಿಗಿಂತ ನಿಧಾನ ಆದ ಫೋನುಗಳು, ಅವನ್ನು ಬಳಸೋರು ಎಷ್ಟು ಜನ ಅನ್ನೋದು ಕೆಳಗಿನ ಸಾಲಿನಲ್ಲಿ ತಾನಾಗೇ ಬರುತ್ತೆ. ಯಾವ ಸರಾಸರಿ ಬಳಸಿದ್ದೇವೆ, ಯಾವ ರನ್ ಯಾಕೆ ಬಿಟ್ಟೆವು ಅನ್ನೋದಕ್ಕೂ ಒಂದು ಸಾಲು.

ಲೀಡ್ ಕೆಟ್ಟ ಮನುಷ್ಯರಲ್ಲ, ಅವರ ವಾದವೂ ಗಟ್ಟಿಯಾಗಿತ್ತು. "ಹಳೇ ಫೋನು ಹೇಗೂ ಕಮ್ಮಿ ಆಗ್ತಾ ಹೋಗುತ್ತೆ. ಹೊಸದು ಕಟ್ಟೋಕೆ ಈ ಬದಲಾವಣೆ ಬೇಕೇ ಬೇಕು." ಬಿಡುಗಡೆ ಆಯ್ತು. ಅಗ್ಗದ ಫೋನುಗಳಲ್ಲಿ ಆ್ಯಪ್ ನಿಧಾನ ಆಯ್ತು. ಅಮ್ಮನ ಕೈಲಿರೋದೂ ಅಂಥದ್ದೇ ಫೋನು.

ಹಾಗಾದರೆ ಟೂಲ್‌ನಿಂದ ಆದದ್ದೇನು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಗೊತ್ತಿಲ್ಲದೆ ಮಾಡೋದಕ್ಕಿಂತ ಗೊತ್ತಿದ್ದೂ ಮಾಡೋದು ಇನ್ನೂ ಕೆಟ್ಟದ್ದಲ್ಲವಾ? ನನಗೆ ಹಾಗನ್ನಿಸಲ್ಲ. ಬರೀ ಸರಾಸರಿ ಇದ್ದಾಗ ಯಾರೂ ಏನನ್ನೂ ನಿರ್ಧರಿಸಿರೋದಿಲ್ಲ. 'ಶೇ 23 ಫಾಸ್ಟ್' ಅಂತ ಅಂಕಿ ಹೇಳಿತು, ನಾವು ಮುಂದೆ ಹೋದೆವು, ಅಷ್ಟೇ. ನಷ್ಟ ಯಾರಿಗೆ ಆಯ್ತೋ ಅವರು ಯಾರ ಲೆಕ್ಕದಲ್ಲೂ ಇಲ್ಲ, ಆದ್ದರಿಂದ ಅವರಿಗೆ ಉತ್ತರ ಕೊಡಬೇಕಾದೋರೂ ಇಲ್ಲ. ಕೆಟ್ಟ ಸಾಲು ಪಕ್ಕದಲ್ಲೇ ಇದ್ದಾಗ ಹಾಗಾಗಲ್ಲ. ಆ ಮೀಟಿಂಗಿನಲ್ಲಿ ಒಬ್ಬರು ಬಾಯಿಬಿಟ್ಟು "ಇಷ್ಟು ಜನರಿಗೆ ಒಂದು ಸೆಕೆಂಡ್ ಹೆಚ್ಚು ಕಾಯಿಸ್ತಿದೀವಿ, ಇಂಥ ಕಾರಣಕ್ಕೆ" ಅಂತ ಹೇಳಬೇಕಾಯ್ತು. ಹಾಗೆ ಹೇಳಿದ ಮಾತು ಬರಹದಲ್ಲಿ ಉಳೀತು. ಮುಂದಿನ ಆವೃತ್ತಿಯ ಕೆಲಸದ ಪಟ್ಟಿಯಲ್ಲಿ ಆ ಸೆಕೆಂಡ್ ವಾಪಸ್ ತರೋದೂ ಒಂದು ಸಾಲಾಗಿ ಸೇರಿಕೊಂಡಿತು. ಸಣ್ಣ ಗೆಲುವು. ಆದರೆ ಸಾಲೇ ಇಲ್ಲದಿದ್ದರೆ ಅದನ್ನು ಪಟ್ಟಿಗೆ ಸೇರಿಸೋರು ಯಾರು?

ನಮ್ಮಲ್ಲಿ ಬಹಳ ಜನ ಇಂಥ ಪುಟಗಳನ್ನು ದಿನಾ ತಯಾರಿಸ್ತೀವಿ, ಇಲ್ಲಾ ದಿನಾ ನೋಡ್ತೀವಿ. ಸರಾಸರಿ ಸಂಬಳ, ಸರಾಸರಿ ರೇಟಿಂಗ್, ಸರಾಸರಿ ಡೆಲಿವರಿ ಸಮಯ. ಕೂಡೋದು, ಭಾಗಿಸೋದು ತಪ್ಪಲ್ಲ. ಯಾವ ಸರಾಸರಿ ಸರಿ ಅನ್ನೋ ಪ್ರಶ್ನೆಗೆ ಗಣಿತದ ಪುಸ್ತಕದಲ್ಲಿ ಉತ್ತರ ಸಿಗುತ್ತೆ. ಈ ರಾಶಿ ಯಾರದ್ದು, ಇದರಲ್ಲಿ ಒಂದೇ ಕಾಳು ಇಟ್ಟೋರು ಯಾರು ಅನ್ನೋದನ್ನ ಮಾತ್ರ ಪುಟ ತಯಾರಿಸೋ ನಾವೇ ಕೇಳಬೇಕು. ಯಾಕಂದ್ರೆ ಆ ಒಂದು ಕಾಳಿನೋರು ನಮ್ಮ ಮೀಟಿಂಗಿಗೆ ಬಂದು ಕೂರೋದಿಲ್ಲ.